ಬಾಡಿಗೆಯ ಖಾಕಿ, ಫೈಬರ್ ಮಚ್ಚು: ವೇಷದ ವಸ್ತುಗಳಿಗೆ ಕಾನೂನು ಎಳೆದ ಗೆರೆ



ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ವಚನ ಸಾಹಿತ್ಯವೋ ದಾಸರ ಪದಗಳೋ ವಿಷಯವಾಗಿರುತ್ತವೆ. ಈ ಸಲ ಕಾನೂನಿನ ಕಡೆಯಿಂದ ಏನಾದರೂ ಇರಲಿ ಎಂದು ಸಂಘಟಕರು ಹೇಳಿದಾಗ ನಾನು ಆರಿಸಿಕೊಂಡದ್ದು ಯಾರೂ ಹೆಚ್ಚು ತಡಕಾಡದ ಒಂದು ಮೂಲೆ. ಪೊಲೀಸರದ್ದಲ್ಲದ ಪೊಲೀಸ್ ಬಿಲ್ಲೆ, ಹರಿತವಿಲ್ಲದ ಮಚ್ಚು, ಚಲಾವಣೆಯಾಗದ ನೋಟು. ಸಿನಿಮಾದವರು ಇವನ್ನೆಲ್ಲ ಒಟ್ಟಾಗಿ ‘ಪ್ರಾಪರ್ಟಿ’ ಎನ್ನುತ್ತಾರೆ. ನಮ್ಮ ಹಳ್ಳಿಯ ನಾಟಕದವರು ‘ಡ್ರೆಸ್ಸು, ಸಾಮಾನು’ ಎನ್ನುತ್ತಾರೆ. ಇಂಥವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ? ತೊಟ್ಟು ಬೀದಿಗೆ ಬರಬಹುದೇ? ಬಾಡಿಗೆಗೆ ಕೊಡಬಹುದೇ?

ಈ ಪ್ರಶ್ನೆಗಳು ನಮ್ಮ ತೂಬಗೆರೆ ಹೋಬಳಿಗೆ ಯಾಕೆ ಬೇಕು ಎಂದು ನೀವು ಕೇಳಬಹುದು. ಪುಷ್ಯ ಮಾಸದಲ್ಲಿ ನಮ್ಮ ಪಕ್ಕದ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೋದರೆ ಆಟಿಕೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಪಿಸ್ತೂಲು, ಬಿಲ್ಲೆ, ಬೇಡಿ ಸೇರಿದ ‘ಪೊಲೀಸ್ ಸೆಟ್’ ತೂಗುತ್ತಿರುತ್ತದೆ. ನಮ್ಮ ಊರುಗಳಲ್ಲಿ ಕುರುಕ್ಷೇತ್ರ ಆಡುವಷ್ಟೇ ಹುಮ್ಮಸ್ಸಿನಿಂದ ಸಾಮಾಜಿಕ ನಾಟಕಗಳನ್ನೂ ಆಡುತ್ತಾರೆ, ಸಾಮಾಜಿಕ ನಾಟಕದಲ್ಲಿ ಕೊನೆಯ ಸೀನಿಗಾದರೂ ಒಬ್ಬ ಇನ್‌ಸ್ಪೆಕ್ಟರ್ ಬರಲೇಬೇಕು. ಮೂರನೆಯದಾಗಿ, ಹುಡುಗರ ಕೈಯಲ್ಲಿ ಮೊಬೈಲ್ ಇದೆ. ರೀಲ್ಸ್ ಮಾಡುವವನಿಗೆ ರಂಗಮಂಟಪ ಬೇಕಿಲ್ಲ, ಊರಿನ ರಸ್ತೆಯೇ ಸಾಕು. ಅಪಾಯ ಹೊಸದಾಗಿ ಹುಟ್ಟಿರುವುದು ಈ ಮೂರನೆಯ ಜಾಗದಲ್ಲಿ.

ಮೊದಲು ಖಾಕಿ ಮತ್ತು ಬಿಲ್ಲೆ, ಆಮೇಲೆ ಆಯುಧದಂತೆ ಕಾಣುವ ವಸ್ತುಗಳು, ನಡುವೆ ಚುಟುಕಾಗಿ ನೋಟು, ಕೊನೆಗೆ ಬಾಡಿಗೆ ವ್ಯವಹಾರ. ಈ ಕ್ರಮದಲ್ಲಿ ಹೋಗೋಣ.

ಖಾಕಿಯ ವಿಷಯಕ್ಕೆ ಬರುತ್ತೇನೆ. ಕನ್ನಡಿಗರಿಗೆ ಖಾಕಿಯ ಮೋಹ ಹತ್ತಿಸಿದ್ದು ಸಿನಿಮಾ. 1988ರಲ್ಲಿ ಶಂಕರ್‌ನಾಗ್ ಅವರ ‘ಸಾಂಗ್ಲಿಯಾನ’, 1991ರಲ್ಲಿ ಮಾಲಾಶ್ರೀ ಅವರ ‘ಎಸ್.ಪಿ. ಭಾರ್ಗವಿ’, 1996ರಲ್ಲಿ ಸಾಯಿಕುಮಾರ್ ಅವರ ‘ಪೊಲೀಸ್ ಸ್ಟೋರಿ’. ಇವುಗಳಲ್ಲಿ ಮೊದಲನೆಯದಂತೂ ನಿಜವಾಗಿ ಸೇವೆಯಲ್ಲಿದ್ದ ಅಧಿಕಾರಿಯ ಹೆಸರನ್ನೇ ಹೊತ್ತಿತ್ತು. ಆ ಅಧಿಕಾರಿ ವೇಷ ಮರೆಸಿಕೊಂಡು ಓಡಾಡುತ್ತಾರೆ ಎಂಬುದು ಆಗ ಮನೆಮಾತು. ಪೊಲೀಸರು ಸಾಮಾನ್ಯರ ವೇಷ ತೊಟ್ಟರೆ ಜನಕ್ಕೆ ಖುಷಿ. ಸಾಮಾನ್ಯರು ಪೊಲೀಸರ ವೇಷ ತೊಟ್ಟಾಗ ಕಾನೂನು ತಲೆ ಎತ್ತಿ ನೋಡುತ್ತದೆ.

ಹೇಗೆ ನೋಡುತ್ತದೆ ಎಂಬುದನ್ನು ಎರಡು ಕಲಮುಗಳು ಹೇಳುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 204 ಮತ್ತು 205. ಹಳೆಯ ದಂಡ ಸಂಹಿತೆಯಲ್ಲಿ 170 ಮತ್ತು 171 ಆಗಿದ್ದವು. ಹಗುರವಾದದ್ದನ್ನು ಮೊದಲು ನೋಡೋಣ. ಒಂದು ವರ್ಗದ ಸರ್ಕಾರಿ ನೌಕರರಿಗೆ ಸೇರದವನು ಆ ವರ್ಗದ ಉಡುಪನ್ನು ಹೋಲುವ ಉಡುಪು ತೊಟ್ಟರೆ, ಅಥವಾ ಅವರ ಗುರುತನ್ನು ಹೋಲುವ ಗುರುತನ್ನು ಹೊತ್ತು ತಿರುಗಿದರೆ, ತಾನು ಅವರಲ್ಲೊಬ್ಬ ಎಂದು ಜನ ನಂಬಲಿ ಎಂಬ ಉದ್ದೇಶವಿದ್ದರೆ ಅಥವಾ ನಂಬುವ ಸಂಭವವಿದೆ ಎಂಬ ಅರಿವಿದ್ದರೆ, ಅದು 205ನೇ ಕಲಮಿನ ಅಪರಾಧ. ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಕಾನೂನಿನಲ್ಲಿ ದಂಡದ ಮಿತಿ 200 ರೂಪಾಯಿ. 1860ರಲ್ಲಿ ಅದು ಬಡವನ ಬೆನ್ನು ಮುರಿಯುವ ಮೊತ್ತ. 2024ರ ಜೂನ್ ತಿಂಗಳ ಕೊನೆಯವರೆಗೂ ಆ ಅಂಕಿ ಅಲ್ಲಾಡದೆ ನಿಂತಿತ್ತು. ಸೈನಿಕರ ಉಡುಪಿಗೆ 168ನೇ ಕಲಮು ಬೇರೆ ಇದೆ, ಅಲ್ಲಿಯೂ ಮೂರು ತಿಂಗಳು, ದಂಡ 2,000 ರೂಪಾಯಿವರೆಗೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಲಮಿನಲ್ಲಿ ‘ತೊಡುವುದು’ ಇದೆ, ‘ಹೊತ್ತು ತಿರುಗುವುದು’ ಇದೆ, ‘ಇಟ್ಟುಕೊಳ್ಳುವುದು’ ಇಲ್ಲ. ಟ್ರಂಕಿನಲ್ಲಿ ಮಡಿಸಿಟ್ಟ ಖಾಕಿ, ಗೋಡೆಯ ಚೌಕಟ್ಟಿನಲ್ಲಿರುವ ಬಿಲ್ಲೆ, ಸಂಗ್ರಾಹಕನ ಪೆಟ್ಟಿಗೆಯಲ್ಲಿರುವ ನಕಲಿ ಸ್ಟಾರ್, ಇವು 205ರ ಹಿಡಿತಕ್ಕೆ ಸಿಗುವುದಿಲ್ಲ. ಅದೇ ಬಿಲ್ಲೆ ಪರ್ಸಿನೊಳಗೆ ಕೂತು ಸಾದಹಳ್ಳಿ ಟೋಲ್‌ನಲ್ಲಿ ಅರ್ಧ ಸೆಕೆಂಡು ಹೊರಗೆ ಇಣುಕಿದರೆ ಪ್ರಶ್ನೆ ಬೇರೆಯಾಗುತ್ತದೆ. ತದ್ರೂಪಿಯೇ ಆಗಿರಬೇಕು ಎಂದೂ ಕಾನೂನು ಕೇಳುವುದಿಲ್ಲ, ಹೋಲಿಕೆ ಸಾಕು. ‘ಇದರಲ್ಲಿ ಕರ್ನಾಟಕ ಪೊಲೀಸ್ ಎಂದು ಬರೆದಿಲ್ಲವಲ್ಲ ಸಾರ್’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ವೇಷ ತೊಟ್ಟವನು ಅಷ್ಟಕ್ಕೇ ನಿಲ್ಲದೆ ಬೈಕ್ ಅಡ್ಡಗಟ್ಟಿ ‘ಲೈಸೆನ್ಸ್ ತೆಗಿ’ ಎಂದ ಕ್ಷಣ 204ನೇ ಕಲಮು ಎದ್ದು ನಿಲ್ಲುತ್ತದೆ. ಇಲ್ಲದ ಹುದ್ದೆಯನ್ನು ತನ್ನದೆಂದು ನಟಿಸಿ, ಆ ಹುದ್ದೆಯ ಹೆಸರಿನಲ್ಲಿ ಏನಾದರೂ ಮಾಡುವುದು ಅಥವಾ ಮಾಡಲು ಹೊರಡುವುದು. ಹಳೆಯ ಕಾನೂನಿನಲ್ಲಿ ಇದಕ್ಕೆ ಎರಡು ವರ್ಷದವರೆಗೆ ಶಿಕ್ಷೆ ಇತ್ತು, ಕೆಳಮಿತಿ ಇರಲಿಲ್ಲ. ಈಗ ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ, ಜೊತೆಗೆ ದಂಡ. ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಹಣವನ್ನೂ ಕಿತ್ತರೆ ವಂಚನೆಯ ಕಲಮುಗಳು ಮೇಲೆ ಬೀಳುತ್ತವೆ. ಸೋಗು ಹಾಕಿ ವಂಚಿಸುವುದಕ್ಕೇ, ಅಂದರೆ 319ನೇ ಕಲಮಿಗೆ, ಐದು ವರ್ಷದವರೆಗೆ ಇದೆ.

ನನಗೆ ಬಹಳ ದಿನದಿಂದ ಕುತೂಹಲ ಹುಟ್ಟಿಸಿದ ಪ್ರಶ್ನೆ ಬಹುರೂಪಿಗಳದ್ದು. ಹಿಂದೆ ಊರೂರು ಸುತ್ತುವ ಈ ಕಲಾವಿದರು ಒಂದು ದಿನ ಶಿವನಾಗಿ ಬಂದರೆ ಇನ್ನೊಂದು ದಿನ ಫೌಜುದಾರನಾಗಿ ಬಂದು ಮನೆಯವರನ್ನು ಗದರಿಸಿ, ಆಮೇಲೆ ನಕ್ಕು ಕೈ ಮುಗಿದು ಕಾಸು ಕೇಳುತ್ತಿದ್ದರು. ಒಂದು ಗಳಿಗೆ ನಂಬಿಸುವುದೇ ಅವರ ಕಲೆ. 205ನೇ ಕಲಮಿನ ಶೀರ್ಷಿಕೆಯಲ್ಲಿ ‘ವಂಚನೆಯ ಉದ್ದೇಶ’ ಎಂಬ ಮಾತಿದೆ, ಆದರೆ ಕಲಮಿನ ಒಡಲಿನಲ್ಲಿ ಇರುವುದು ‘ನಂಬಿಸುವ ಉದ್ದೇಶ’ ಮಾತ್ರ. ಅಕ್ಷರಕ್ಕೆ ಅಕ್ಷರ ಓದಿದರೆ ಬಹುರೂಪಿ ಸಿಕ್ಕಿಬೀಳುತ್ತಾನೆ! ಅವನನ್ನು ಕಾಯುವುದು ಅದೇ ಸಂಹಿತೆಯ 33ನೇ ಕಲಮು: ಸಾಮಾನ್ಯ ವಿವೇಕದ ಯಾರೂ ದೂರು ಕೊಡದಷ್ಟು ಸಣ್ಣ ತೊಂದರೆ ಅಪರಾಧವಲ್ಲ. ರಂಗದ ಮೇಲಿನ ಇನ್‌ಸ್ಪೆಕ್ಟರಿಗೆ ಈ ಕಲಮೂ ಬೇಕಾಗಿಲ್ಲ. ಅವನ ಎದುರು ಕೂತವರು ಅವನನ್ನು ಪಕ್ಕದ ಮನೆಯ ಹುಡುಗನೆಂದೇ ಬಲ್ಲರು, ನಂಬಿಕೆಯೇ ಹುಟ್ಟುವುದಿಲ್ಲ. ನಾಟಕ ಮುಗಿಸಿ, ಬಣ್ಣ ಒರೆಸಿ, ಖಾಕಿ ಬಿಚ್ಚದೆ ದೊಡ್ಡಬಳ್ಳಾಪುರದ ಕಡೆಗೆ ಬೈಕ್ ಹತ್ತಿದರೆ ಆ ರಕ್ಷಣೆ ರಂಗಮಂಟಪದಲ್ಲೇ ಉಳಿಯುತ್ತದೆ.

ಹೊರದೇಶದಲ್ಲಿ ಮಕ್ಕಳಿರುವ ಕುಟುಂಬಗಳು ಈ ಹೋಬಳಿಯಲ್ಲೂ ಇವೆ. ಅವರಿಗಾಗಿ ಒಂದು ಮಾತು. ಎಲ್ಲ ದೇಶಗಳೂ ನಮ್ಮಂತೆ ಯೋಚಿಸುವುದಿಲ್ಲ. ಇಂಗ್ಲೆಂಡಿನ 1996ರ ಪೊಲೀಸ್ ಕಾಯ್ದೆಯ 90ನೇ ಕಲಮಿನ ಪ್ರಕಾರ ಪೊಲೀಸ್ ಸಮವಸ್ತ್ರದ ಯಾವುದೇ ಭಾಗವನ್ನು ಸುಮ್ಮನೆ ಇಟ್ಟುಕೊಂಡಿರುವುದೇ ಅಪರಾಧವಾಗಬಹುದು. ಕಾನೂನುಬದ್ಧವಾಗಿ ಪಡೆದೆ, ಕಾನೂನುಬದ್ಧ ಕೆಲಸಕ್ಕೆ ಇಟ್ಟಿದ್ದೇನೆ ಎಂದು ಇಟ್ಟುಕೊಂಡವನೇ ತೋರಿಸಬೇಕು. ಅಮೆರಿಕದ ಒಕ್ಕೂಟ ಕಾನೂನು ನಕಲಿ ಪೊಲೀಸ್ ಬಿಲ್ಲೆಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ನಿಷೇಧಿಸುತ್ತದೆ, ಆದರೆ ನೆನಪಿನ ಕಾಣಿಕೆ, ಸಂಗ್ರಹ, ಅಲಂಕಾರ, ನಾಟಕ-ಸಿನಿಮಾ ಇವಕ್ಕಷ್ಟೇ ಮೀಸಲಾದದ್ದಾದರೆ ಅದನ್ನು ಸಮರ್ಥನೆಯಾಗಿ ಒಪ್ಪುತ್ತದೆ. ಆಯಾ ರಾಜ್ಯಗಳ ಕಾನೂನು ಬೇರೆ. ಅಲ್ಲಿನ ಕನ್ನಡ ಕೂಟದ ನಾಟಕಕ್ಕೆಂದು ಸೂಟ್‌ಕೇಸಿನಲ್ಲಿ ಖಾಕಿ ಕಟ್ಟಿಕೊಂಡು ಹೋಗುವವರು ಆ ನಾಟಕದ ಆಹ್ವಾನ ಪತ್ರಿಕೆಯನ್ನೂ ಮಡಿಸಿ ಇಟ್ಟುಕೊಂಡರೆ ಒಳ್ಳೆಯದು.

ಬಿಲ್ಲೆಯ ಮಾತು ಮುಗಿಸುವ ಮುನ್ನ ಒಂದು ವೈಚಿತ್ರ್ಯ. ಪಿಎಸ್‌ಐ ಭುಜದ ಮೇಲೆ ಎರಡು ಸ್ಟಾರ್, ಇನ್‌ಸ್ಪೆಕ್ಟರಿಗೆ ಮೂರು. ಎಸ್.ಪಿ. ಭುಜದ ಮೇಲೆ ಸ್ಟಾರಿನ ಜೊತೆ ಅಶೋಕ ಸ್ತಂಭದ ಸಿಂಹಗಳು ಬರುತ್ತವೆ. ಆ ಸಿಂಹಗಳು ರಾಷ್ಟ್ರದ ಲಾಂಛನ. ಅವಕ್ಕೆ 2005ರ ಪ್ರತ್ಯೇಕ ಕಾಯ್ದೆ ಇದೆ. ಸರ್ಕಾರಕ್ಕೆ ಸಂಬಂಧಿಸಿದ್ದು ಎಂಬ ಭಾವನೆ ಹುಟ್ಟುವಂತೆ ಆ ಲಾಂಛನವನ್ನಾಗಲಿ ಅದರ ಅನುಕರಣೆಯನ್ನಾಗಲಿ ಅನುಮತಿಯಿಲ್ಲದೆ ಬಳಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅಂದರೆ ಪಿಎಸ್‌ಐ ವೇಷ ತೊಟ್ಟು ಮೆರೆದವನಿಗೆ ಹೆಚ್ಚೆಂದರೆ ಮೂರು ತಿಂಗಳು, ಎಸ್.ಪಿ. ವೇಷ ತೊಟ್ಟವನ ಮೇಲೆ ಎರಡು ವರ್ಷದ ಕಲಮೂ ಹೂಡಬಹುದು. ವೇಷದಲ್ಲೂ ಬಡ್ತಿ ದುಬಾರಿ.

ಇನ್ನು ಎರಡನೆಯ ಭಾಗ, ಆಯುಧಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕರ್ನಾಟಕದಲ್ಲಿ ಸಿನಿಮಾ ಪ್ರಾಪರ್ಟಿ ಠಾಣೆ ಮೆಟ್ಟಿಲು ಹತ್ತಿದ ಪ್ರಕರಣ ಇಲ್ಲಿಯೇ ಸಿಗುತ್ತದೆ.

2025ರ ಮಾರ್ಚ್‌ನಲ್ಲಿ ಕನ್ನಡ ಬಿಗ್ ಬಾಸ್‌ನಿಂದ ಪ್ರಸಿದ್ಧರಾದ ಇಬ್ಬರು ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದರು. ಬಸವೇಶ್ವರನಗರ ಠಾಣೆಯಲ್ಲಿ ಆಯುಧ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಅವರು ಹೇಳಿದ್ದು: ಅದು ಫೈಬರ್ ಮಚ್ಚು, ಸಿನಿಮಾದ್ದು. ಒಂದು ಫೈಬರ್ ಮಚ್ಚನ್ನು ಠಾಣೆಗೆ ಒಪ್ಪಿಸಲಾಯಿತು, ಅವರನ್ನು ಬಿಡಲಾಯಿತು. ಆಮೇಲೆ ವಿಡಿಯೊದಲ್ಲಿ ಕಾಣುವ ಮಚ್ಚಿಗೂ ಒಪ್ಪಿಸಿದ ಮಚ್ಚಿಗೂ ತಾಳೆಯಾಗುತ್ತಿಲ್ಲ ಎಂದು ಪೊಲೀಸರು ಮತ್ತೆ ಬಂಧಿಸಿದರು. ಕೆಲವು ದಿನಗಳ ಬಳಿಕ ಜಾಮೀನು ಸಿಕ್ಕಿತು. ಯಾರ ತಪ್ಪೂ ಸಾಬೀತಾಗಿದೆ ಎಂದು ನಾನು ಹೇಳುತ್ತಿಲ್ಲ. ಇದರಿಂದ ತಿಳಿಯಬೇಕಾದದ್ದು ಇಷ್ಟು: ‘ಇದು ಡಮ್ಮಿ’ ಎನ್ನುವುದು ಬಾಯಿಮಾತಿನಲ್ಲಿ ಮುಗಿಯುವ ಉತ್ತರವಲ್ಲ. ಯಾವ ವಸ್ತು ತೆರೆಯ ಮೇಲೆ ಕಂಡಿತೋ ಅದೇ ವಸ್ತು ಪೊಲೀಸರ ಮೇಜಿನ ಮೇಲೆ ಬಂದು ಕೂರಬೇಕಾಗುತ್ತದೆ.

ನಿಜವಾದ ಮಚ್ಚಾದರೆ ಕಾನೂನು ಏನು ಹೇಳುತ್ತದೆ? ನಮ್ಮ ರೈತರು ಇದನ್ನು ಕಿವಿಗೊಟ್ಟು ಕೇಳಬೇಕು. 1959ರ ಆಯುಧ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲ ಅಲಗುಳ್ಳ ಹರಿತ ಆಯುಧಗಳ ವರ್ಗವೊಂದಿದೆ. ಆದರೆ ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವು ಅದರಿಂದ ಹೊರಗೆ. ಎಳನೀರು ಕೊಚ್ಚುವ ಮಚ್ಚು, ಕುಡುಗೋಲು, ಸೌದೆ ಸೀಳುವ ಕೊಡಲಿ ತೋಟದಲ್ಲಿ ಇರುವಷ್ಟು ದಿನ ಉಪಕರಣ. ಅದೇ ಮಚ್ಚನ್ನು ಹಿನ್ನೆಲೆ ಸಂಗೀತ ಹಾಕಿ, ಕಾರಿನ ಬಾನೆಟ್ ಮೇಲೆ ಕೂತು ಬೀಸಿದಾಗ ‘ಇದು ಎಳನೀರಿಗೆ’ ಎಂದರೆ ಯಾವ ಮ್ಯಾಜಿಸ್ಟ್ರೇಟರೂ ತಲೆದೂಗಲಾರರು. 1995ರ ‘ಓಂ’ ಚಿತ್ರದ ನಂತರ ಲಾಂಗು-ಮಚ್ಚು ನಮ್ಮ ತೆರೆಗೆ ಅಂಟಿಕೊಂಡ ಬಗೆ ನಿಮಗೆ ಗೊತ್ತಿದೆ. ಸಿನಿಮಾವನ್ನು ದೂರುವುದು ಸುಲಭ; ನನಗೆ ಅದರಲ್ಲಿ ಹೆಚ್ಚು ನಂಬಿಕೆಯಿಲ್ಲ. ಸಿನಿಮಾದಲ್ಲಿ ಕಥೆಯಿದೆ, ಸೆಟ್ ಇದೆ, ಸೆನ್ಸಾರ್ ಇದೆ. ರೀಲ್ಸ್‌ನಲ್ಲಿ ಇರುವುದು ಮಚ್ಚು ಮಾತ್ರ.

ಫೈಬರ್ ಮಚ್ಚು, ರಬ್ಬರ್ ಚಾಕು ಹರಿತ ಆಯುಧಗಳಲ್ಲ, ಆದ್ದರಿಂದ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಹಾಗೆಂದು ಅದರಿಂದ ಯಾರನ್ನಾದರೂ ಹೆದರಿಸಿದರೆ ಕ್ರಿಮಿನಲ್ ಬೆದರಿಕೆ, ಸುಲಿಗೆಯ ಕಲಮುಗಳು ವಸ್ತುವಿನ ಹರಿತವನ್ನು ಅಳೆಯುವುದಿಲ್ಲ, ಎದುರಿನವನ ಭಯವನ್ನು ಅಳೆಯುತ್ತವೆ. ಬಂದೂಕಿನಂತೆ ಕಾಣುವ ಯಾವುದನ್ನೇ ಆಗಲಿ, ಗುಂಡು ಹಾರಲಿ ಹಾರದಿರಲಿ, ಆಯುಧ ಕಾಯ್ದೆಯ 6ನೇ ಕಲಮು ‘ನಕಲು ಬಂದೂಕು’ ಎನ್ನುತ್ತದೆ. ಅದನ್ನು ಪರವಾನಗಿಯಿಲ್ಲದೆ ನಿಜ ಬಂದೂಕಾಗಿ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಆ ಆಟ ಯಾರಿಗೂ ಬೇಡ. ಸೆಟ್ಟಿನಲ್ಲಿ ಕೂಡ ನಕಲಿಗೂ ಅಸಲಿಗೂ ನಡುವೆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ‘ರಸ್ಟ್’ ಚಿತ್ರೀಕರಣದಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸಾವು ತೋರಿಸಿತು. ಹಾಗೆಯೇ, ಪಕ್ಕದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವವರು ಮಗುವಿನ ಕೈಚೀಲದಲ್ಲಿ ಜಾತ್ರೆಯ ಪಿಸ್ತೂಲು ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ವಿಮಾನದೊಳಗೆ ಒಯ್ಯುವ ಚೀಲದಲ್ಲಿ ಬಂದೂಕಿನ ಪ್ರತಿಕೃತಿಗೂ ಅವಕಾಶವಿಲ್ಲ.

ನೋಟಿನ ಮಾತು ಚುಟುಕಾಗಿ. ಖೋಟಾನೋಟು ಮುದ್ರಣಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇದೆ, ಅದು ನ್ಯಾಯ ಸಂಹಿತೆಯ 178ನೇ ಕಲಮು. ಮೋಸವಾಗುವಷ್ಟು ನೋಟನ್ನು ಹೋಲುವ ಕಾಗದ ಮಾಡಿದರೂ, ಕಳ್ಳನೋಟಿನ ಉದ್ದೇಶವಿಲ್ಲದೆಯೇ, 182ನೇ ಕಲಮಿನಡಿ 300 ರೂಪಾಯಿವರೆಗೆ ದಂಡ. ಮೊದಲು 100 ಇತ್ತು. ಸಿನಿಮಾದ ಡಮ್ಮಿ ನೋಟು ಮುದ್ರಿಸುವವರು ಅದಕ್ಕೇ ಬ್ಯಾಂಕಿನ ಹೆಸರನ್ನು ‘ಚಿಲ್ಡ್ರನ್ ಬ್ಯಾಂಕ್’ ಎಂದೋ ಮತ್ತೇನೋ ಬದಲಿಸುತ್ತಾರೆ. ಅದೂ ಎಷ್ಟು ಕಾಯುತ್ತದೆ? 2017ರ ಫೆಬ್ರವರಿಯಲ್ಲಿ ದೆಹಲಿಯ ಒಂದು ಎಟಿಎಂನಿಂದಲೇ ಮಕ್ಕಳ ಬ್ಯಾಂಕಿನ 2,000ದ ನೋಟುಗಳು ಹೊರಬಂದವು. 2024ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಯ ಬದಲು ನಟ ಅನುಪಮ್ ಖೇರ್ ಚಿತ್ರವಿದ್ದ, ‘ರಿಸೋಲ್ ಬ್ಯಾಂಕ್’ ಎಂದು ಬರೆದಿದ್ದ ಕಂತೆಗಳನ್ನು ಕೊಟ್ಟು ಎರಡು ಕಿಲೋಗೂ ಹೆಚ್ಚು ಚಿನ್ನ ಒಯ್ದರು. ಕಂತೆ ಕಟ್ಟಿದ ಮೇಲೆ ನೋಟನ್ನು ಯಾರೂ ಓದುವುದಿಲ್ಲ.

ಖಾಕಿಯ ಕಥೆಯೂ ಹಾಗೆಯೇ. ಬಿಲ್ಲೆಯನ್ನು ಯಾರೂ ಓದುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ‘ಡಿಜಿಟಲ್ ಅರೆಸ್ಟ್’ ಬಗ್ಗೆ ಎಚ್ಚರಿಸುವಾಗ ಉದಾಹರಿಸಿದ್ದು ನಮ್ಮ ವಿಜಯಪುರದ ಯುವಕನೊಬ್ಬನಿಗೆ ಬಂದ ವಿಡಿಯೊ ಕರೆಯನ್ನು. ಆ ಕಡೆ ಪೊಲೀಸ್ ವೇಷದವನು, ಈ ಕಡೆ ಸಂಶಯಪಟ್ಟು ಎಲ್ಲವನ್ನೂ ಚಿತ್ರೀಕರಿಸಿಕೊಂಡ ಹುಡುಗ. ಇಂಥ ತಂಡಗಳು ಠಾಣೆಯಂತೆ ಕಾಣುವ ಸೆಟ್ ಕೂಡ ಹಾಕಿಕೊಳ್ಳುತ್ತವೆ, ಅಕ್ಷರಶಃ ಚಿತ್ರೀಕರಣದ ಸೆಟ್. ಸಮವಸ್ತ್ರವೇ ಬೇಕೆಂದೂ ಇಲ್ಲ. 2025ರ ನವೆಂಬರ್ 19ರಂದು ಬೆಂಗಳೂರಿನಲ್ಲಿ ಎಟಿಎಂ ಹಣದ ವಾಹನ ತಡೆದು 7.11 ಕೋಟಿ ರೂಪಾಯಿ ದೋಚಿದವರು ಬಂದ ಕಾರಿನ ಮೇಲೆ ಇದ್ದದ್ದು ‘ಭಾರತ ಸರ್ಕಾರ’ ಎಂಬ ಸ್ಟಿಕ್ಕರ್, ಬಾಯಲ್ಲಿ ಇದ್ದದ್ದು ರಿಸರ್ವ್ ಬ್ಯಾಂಕಿನ ಹೆಸರು. ಬಂಧಿತರಲ್ಲಿ ಒಬ್ಬ ನಿಜವಾದ ಪೊಲೀಸ್ ಕಾನ್‌ಸ್ಟೆಬಲ್ ಕೂಡ ಇದ್ದ ಎಂಬುದು ಆ ಪ್ರಕರಣದ ಕಹಿ.

ಆದ್ದರಿಂದ ಸಂಗ್ರಾಹಕರ ಮೇಲೆ, ನಾಟಕದವರ ಮೇಲೆ ಕಟ್ಟುನಿಟ್ಟು ಹೇರಿದರೆ ಇದು ನಿಲ್ಲುತ್ತದೆ ಎಂದು ನಾನು ನಂಬುವುದಿಲ್ಲ. ನಿಲ್ಲಿಸುವ ಒಂದು ಸಾಧನ ಈಗಾಗಲೇ ಪ್ರಜೆಯ ಕೈಯಲ್ಲಿದೆ, ಬಳಕೆ ಕಡಿಮೆ. ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಬಂಧಿಸುವ ಅಧಿಕಾರಿಯ ಹೆಸರು, ಹುದ್ದೆ ಸ್ಪಷ್ಟವಾಗಿ ಕಾಣುವಂತಿರಬೇಕು. ಈಗ ಹೆಸರಿನ ಗುರುತು ಧರಿಸಬೇಕೆಂಬುದು ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೇ ಇದೆ. ಹೆಸರು ಕೇಳುವುದು, ಯಾವ ಠಾಣೆ ಎಂದು ಕೇಳುವುದು, 112ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ಉದ್ಧಟತನವಲ್ಲ. ವಿಡಿಯೊ ಕರೆಯಲ್ಲಿ ಬಂಧಿಸುವ ಅಧಿಕಾರ ಯಾವ ಪೊಲೀಸರಿಗೂ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಹೇಳಬೇಕು.

ಕೊನೆಯ ಭಾಗ, ಬಾಡಿಗೆ. ಸೇನೆಯವರು 2022ರಲ್ಲಿ ಹೊಸ ಯುದ್ಧ ಸಮವಸ್ತ್ರ ತಂದಾಗ ಅದರ ವಿನ್ಯಾಸವನ್ನೇ ನೋಂದಾಯಿಸಿಕೊಂಡರು. ಬೇರೆಯವರು ಆ ಬಟ್ಟೆ ಮಾಡಿ ಮಾರಿದರೆ ವಿನ್ಯಾಸದ ಹಕ್ಕಿನ ಮೂಲಕವೂ ತಡೆಯಬಹುದು. ಖಾಕಿಗೆ ಆ ದಾರಿ ಇಲ್ಲ, ಅದು ಯಾವ ಜವಳಿ ಅಂಗಡಿಯಲ್ಲೂ ಸಿಗುವ ಬಟ್ಟೆ. ಮಗ್ಗಗಳ ಊರಾದ ದೊಡ್ಡಬಳ್ಳಾಪುರದವರಿಗೆ ಇದನ್ನು ನಾನು ಹೇಳಬೇಕಿಲ್ಲ. ಹಾಗಾಗಿ ನನ್ನ ಸಲಹೆ ಬಟ್ಟೆಯ ಮೇಲಲ್ಲ, ಲೆಕ್ಕದ ಪುಸ್ತಕದ ಮೇಲೆ. ಡ್ರೆಸ್ ಬಾಡಿಗೆ ಕೊಡುವವರು ಖಾಕಿ ಸೆಟ್ಟಿಗೆ ಪ್ರತ್ಯೇಕ ವಹಿ ಇಡಲಿ: ಯಾರಿಗೆ, ಯಾವ ನಾಟಕಕ್ಕೆ, ಯಾವತ್ತು ಹೋಯಿತು, ಯಾವತ್ತು ಬಂತು. ವಹಿ ಇಟ್ಟವನಿಗೆ ನಾಳೆ ಪೊಲೀಸರು ಬಂದಾಗ ಅದೇ ಸಾಕ್ಷಿ. ನಾಟಕ ಮಂಡಳಿಗಳು ಮೈಕಿಗೆ, ರಂಗಮಂಟಪಕ್ಕೆ ಅನುಮತಿ ಕೇಳಿ ಹೇಗೂ ಠಾಣೆಗೆ ಹೋಗುತ್ತೀರಿ. ಆ ಅರ್ಜಿಯಲ್ಲೇ ‘ಪೊಲೀಸ್ ಪಾತ್ರಗಳು ಇಷ್ಟು, ಡಮ್ಮಿ ಪಿಸ್ತೂಲು ಇಷ್ಟು’ ಎಂದು ಒಂದು ಸಾಲು ಸೇರಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರೀಲ್ಸ್ ಮಾಡುವ ಹುಡುಗರಿಗೆ ಹೇಳುವುದು: ಪ್ರಾಪರ್ಟಿಯ ಬಿಲ್ಲು ಇಟ್ಟುಕೊಳ್ಳಿ, ಸಾರ್ವಜನಿಕ ರಸ್ತೆ ಬಿಡಿ, ಬಳಸಿದ ವಸ್ತುವನ್ನು ಎಸೆಯಬೇಡಿ.

ಉಳಿದದ್ದು ಟೋಪಿಯ ಪ್ರಶ್ನೆ. 2025ರ ಅಕ್ಟೋಬರ್ 28ರಂದು ವಿಧಾನಸೌಧದಲ್ಲಿ ನಮ್ಮ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳಿಗೆ ಕಡುನೀಲಿ ಪೀಕ್ ಕ್ಯಾಪ್ ಕೊಟ್ಟರು. ಒಂದು ಕಡೆ ಮಡಿಸಿದ ಹಳೆಯ ಸ್ಲೌಚ್ ಹ್ಯಾಟ್ ಸೇವೆಯಿಂದ ಇಳಿಯಿತು. ಇಲಾಖೆಗೆ ಹಿಂದಿರುಗಿಸದೆ ಮನೆಯಲ್ಲಿ ನ್ಯಾಯವಾಗಿ ಉಳಿದ ಹ್ಯಾಟು ನೆನಪಿನ ವಸ್ತು, ಗಾಜಿನ ಚೌಕಟ್ಟಿನಲ್ಲಿ ಧಾರಾಳವಾಗಿ ಇಡಬಹುದು. 2010ರ ಕಥೆ ಆಡುವ ತಂಡಕ್ಕೆ ಎರವಲು ಕೊಡಲೂಬಹುದು. ಆದರೆ ‘ಈಗ ಪೊಲೀಸರೇ ಇದನ್ನು ಹಾಕುವುದಿಲ್ಲವಲ್ಲ’ ಎಂದು ಖಾಕಿಯ ಜೊತೆ ತೊಟ್ಟು ಸಂತೆಗೆ ಹೋದರೆ 205ನೇ ಕಲಮು ಕೇಳುವ ಪ್ರಶ್ನೆ ಬದಲಾಗಿಲ್ಲ: ನೋಡಿದವರು ನಂಬುವ ಸಂಭವ ಇತ್ತೇ? ದಶಕಗಳ ಕಾಲ ಆ ಹ್ಯಾಟು ಕಂಡರೆ ಸೈಕಲ್ ಇಳಿಯುತ್ತಿದ್ದ ಊರಿನಲ್ಲಿ ಆ ಸಂಭವ ಇನ್ನೂ ಬಹುಕಾಲ ಇರುತ್ತದೆ.